ಅಂಚಿನಲ್ಲಿ ಹೆರೆದು ನೋಡು

ಮಗಳೇ,

ಭದ್ರಾವತಿಯ ಲ್ಯಾಬಿನಲ್ಲಿ ನಿನಗೆ ಕೆಲಸ ಸಿಕ್ಕಿತೆಂದು ನಿಮ್ಮಮ್ಮ ಫೋನ್ ಮಾಡಿದಾಗ ನಾನು ತಂತಿಯ ಮೇಲಿದ್ದ ಬಟ್ಟೆಗಳನ್ನೆಲ್ಲ ಒಳಗೆ ತಂದು, ಬಚ್ಚಲಮನೆಯ ಹಂಡೆ ಒಲೆಯ ಮೇಲೆ ಕಟ್ಟಿದ ಹಗ್ಗಕ್ಕೆ ಹರವುತ್ತಿದ್ದೆ. ಮೂರು ದಿನದಿಂದ ಬಿಟ್ಟೂ ಬಿಡದ ಮಳೆ. ಸುದ್ದಿ ಕೇಳಿ ಅಲ್ಲೇ ಮಣೆಯ ಮೇಲೆ ಕೂತುಬಿಟ್ಟೆ, ಅಷ್ಟು ಸಂತೋಷವಾಯಿತು. ಮಾರನೆಯ ದಿನ ನೀನೇ ಫೋನ್ ಮಾಡಿ, ‘ದೊಡ್ಡಮ್ಮಾ, ರಕ್ತ, ಮೂತ್ರ, ಕಫ ಎಲ್ಲ ಮಾಡ್ತೀನಿ. ಚರ್ಮದ ಸ್ಯಾಂಪಲ್ ಬಂದ್ರೆ ಮಾತ್ರ ಕೈ ನಡುಗುತ್ತೆ. ಕಾಲೇಜಲ್ಲಿ ಮಾಡಿದ್ದು ಎರಡೇ ಸಲ’ ಅಂದೆ. ಫೋನಿನಲ್ಲಿ ಹೇಳಿ ಮುಗಿಸುವಂಥದಲ್ಲ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನೀನು ಸೇರುತ್ತಿರುವುದು ಮಳೆಗಾಲದಲ್ಲಿ, ಅದೂ ಭದ್ರಾವತಿಯಲ್ಲಿ. ಚರ್ಮದ ಸ್ಯಾಂಪಲ್ ನಿನಗೆ ದಿನಾ ಬರುತ್ತದೆ, ಸಿದ್ಧವಾಗಿರು. ಕುಲುಮೆಯ ಮುಂದೆ ದಪ್ಪ ಬಟ್ಟೆ ಹಾಕಿಕೊಂಡು ಬೆವರುವವರು, ನಾಟಿ ಗದ್ದೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಕೆಸರಲ್ಲಿ ನಿಲ್ಲುವವರು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು, ಒಂದೇ ಕೋಣೆಯಲ್ಲಿ ಆರು ಜನ ಮಲಗುವ ಹಾಸ್ಟೆಲ್ ಹುಡುಗರು ಎಲ್ಲರೂ ಬರುತ್ತಾರೆ. ಬಂದವರು ಫಂಗಸ್ ಎನ್ನುವುದಿಲ್ಲ. ‘ಮೈಯೆಲ್ಲ ಉಷ್ಣ ಆಗಿದೆ’ ಅನ್ನುತ್ತಾರೆ. ‘ನಂಜಾಗಿದೆ, ಬದನೆಕಾಯಿ ಬಿಟ್ಟಿದ್ದೀನಿ’ ಅನ್ನುತ್ತಾರೆ. ಹುಳುಕಡ್ಡಿ ಅನ್ನುವವರಿದ್ದಾರೆ, ಗಜಕರ್ಣ ಅನ್ನುವವರಿದ್ದಾರೆ. ಬೆನ್ನ ಮೇಲೆ ಬಿಳಿ ಮಚ್ಚೆಗಳಿದ್ದರೆ ಚಿಬ್ಬು ಎಂದು ಮನೆಯವರೇ ಹೆಸರಿಟ್ಟು ಕಳಿಸಿರುತ್ತಾರೆ. ಆ ಹೆಸರುಗಳನ್ನು ತಿದ್ದಲು ಹೋಗಬೇಡ. ಹುಳುಕಡ್ಡಿಯಲ್ಲಿ ಹುಳ ಇಲ್ಲ, ಬೂಷ್ಟಿನ ಜಾತಿಯ ಜೀವಿ ಚರ್ಮದ ಮೇಲ್ಪದರದ ಕೆರಾಟಿನ್ ತಿಂದುಕೊಂಡು ಸುತ್ತಲೂ ಹರಡುತ್ತದೆ ಎಂದು ಅವರು ಕೇಳಿದರೆ ಮಾತ್ರ ಹೇಳು. ನಡುವೆ ವಾಸಿಯಾಗುತ್ತಾ ಅಂಚಿನಲ್ಲಿ ಮುಂದುವರಿಯುವುದರಿಂದ ಅದು ಉಂಗುರದಂತೆ ಕಾಣುತ್ತದೆ. ಈ ಮಾತು ನೆನಪಿಟ್ಟುಕೋ, ಮುಂದೆ ನಾನು ಹೇಳುವುದೆಲ್ಲ ಇದರ ಮೇಲೆ ನಿಂತಿದೆ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಒಂದು ಖಾಸಗಿ ಲ್ಯಾಬಿನಲ್ಲಿದ್ದೆ. ನಲವತ್ತರ ಆಸುಪಾಸಿನ ಒಬ್ಬರು ಡಾಕ್ಟರ ಚೀಟಿ ಹಿಡಿದು ಬಂದರು. ಸೊಂಟದಲ್ಲಿ ಅಂಗೈಯಗಲ ಮಚ್ಚೆ. ಅವತ್ತು ಲ್ಯಾಬಿನ ಮುಂದೆ ಸಾಲು ಬೆಳೆದಿತ್ತು. ಮಚ್ಚೆಯ ನಟ್ಟನಡುವೆ, ಎಲ್ಲಿ ಸುಲಭವೋ ಅಲ್ಲಿ, ನಾಲ್ಕು ಸಲ ಹೆರೆದೆ. ಬೆಳಿಗ್ಗೆ ಹಚ್ಚಿದ ಮುಲಾಮು ಚರ್ಮದ ಮೇಲೆ ಇನ್ನೂ ಮಿಂಚುತ್ತಿತ್ತು, ಅದನ್ನು ಒರೆಸಲಿಲ್ಲ. ಸ್ಲೈಡಿನಲ್ಲಿ ಎಣ್ಣೆಯ ಗುಳ್ಳೆ ಬಿಟ್ಟರೆ ಬೇರೇನೂ ಕಾಣಲಿಲ್ಲ. ‘ಶಿಲೀಂಧ್ರ ಇಲ್ಲ’ ಎಂದು ಬರೆದು ಸಹಿ ಹಾಕಿಸಿ ಕೊಟ್ಟೆ. ಎರಡೂವರೆ ತಿಂಗಳ ಮೇಲೆ ಅವರು ಮತ್ತೆ ಬಂದರು, ಹೆಂಡತಿ ಮತ್ತು ಎರಡು ಮಕ್ಕಳನ್ನು ಕರೆದುಕೊಂಡು. ನಾಲ್ವರಿಗೂ ಹಬ್ಬಿತ್ತು. ಚಿಕ್ಕ ಮಗುವಿನ ಕೆನ್ನೆಯ ಮೇಲೆ ಎಂಟಾಣೆಯಷ್ಟು ದೊಡ್ಡ ಉಂಗುರ. ನನ್ನ ‘ಇಲ್ಲ’ವನ್ನು ನಂಬಿ ಡಾಕ್ಟರು ಅದನ್ನು ಬರಿಯ ಇಸುಬು ಎಂದುಕೊಂಡು ಬೇರೆ ಔಷಧಿ ಕೊಟ್ಟಿದ್ದರು. ಆ ಮನುಷ್ಯ ನನ್ನನ್ನು ಬೈಯಲಿಲ್ಲ, ‘ಈ ಸಲ ಸರಿಯಾಗಿ ನೋಡಮ್ಮ’ ಎಂದರು, ಅಷ್ಟೇ. ಅವತ್ತು ಸರಿಯಾಗಿ ಹೆರೆದು ನೋಡಿದರೆ ಮೊದಲ ನೋಟದಲ್ಲೇ ಎಳೆಗಳು ಬಲೆ ಕಟ್ಟಿದಂತೆ ತುಂಬಿದ್ದವು.

ಮೈಕ್ರೋಸ್ಕೋಪು ಎಷ್ಟೇ ಒಳ್ಳೆಯದಿರಲಿ, ನೀನು ಸ್ಲೈಡಿನ ಮೇಲೆ ಇಟ್ಟದ್ದನ್ನಷ್ಟೇ ಅದು ತೋರಿಸುತ್ತದೆ. ಈ ಪರೀಕ್ಷೆ ಗೆಲ್ಲುವುದೂ ಸೋಲುವುದೂ ಹೆರೆಯುವ ಕೈಯಲ್ಲಿ.

ಮೊದಲು ರೋಗಿಯನ್ನು ಬೆಳಕಿಗೆ ಕೂರಿಸು. ಏನು ಹಚ್ಚಿದ್ದೀರಿ, ಯಾವಾಗ ಹಚ್ಚಿದಿರಿ ಎಂದು ಕೇಳು. ಫಂಗಸ್ಸಿಗೆ ಹಚ್ಚುವ ಮುಲಾಮು ನಡೆಯುತ್ತಿದ್ದರೆ ಅದನ್ನು ಚೀಟಿಯ ಮೇಲೆ ಬರೆ, ಎಷ್ಟು ದಿನ ಬಿಟ್ಟು ಬರಬೇಕೆಂದು ಡಾಕ್ಟರನ್ನು ಕೇಳಿ ಹೇಳು. ಆಮೇಲೆ 70 ಪರ್ಸೆಂಟ್ ಆಲ್ಕೋಹಾಲ್ ಹತ್ತಿಯಲ್ಲಿ ಆ ಜಾಗ ಒರೆಸಿ ಆರಲು ಬಿಡು. ಒರೆಸುವುದು ಎಣ್ಣೆ, ಮುಲಾಮು, ಮೇಲಿನ ಬ್ಯಾಕ್ಟೀರಿಯಾ ಹೋಗಲೆಂದು. ಸ್ಕಾಲ್ಪೆಲ್ಲಿನ ಮೊಂಡು ಬದಿಯನ್ನು ಚರ್ಮಕ್ಕೆ ಓರೆಯಾಗಿ ಹಿಡಿದು, ಉಂಗುರದ ಹೊರ ಅಂಚಿನಲ್ಲಿ, ಕೆಂಪಗೆ ಉಬ್ಬಿ ಹೊಟ್ಟೇಳುತ್ತಿರುವ ಕಡೆ ಹೆರೆ. ತೆಂಗಿನಕಾಯಿ ತುರಿಯುವ ಹಾಗೆ ಒತ್ತಿ ಎಳೆಯಬೇಡ, ಎಲೆಯ ಮೇಲಿನ ಧೂಳು ಸವರುವಷ್ಟು ಹಗುರ ಸಾಕು. ರಕ್ತ ಬಂದರೆ ತಪ್ಪಾಯಿತೆಂದೇ ಲೆಕ್ಕ. ಒಂದೇ ಕಡೆ ನಿಲ್ಲದೆ ಅಂಚಿನುದ್ದಕ್ಕೂ ಮೂರು ನಾಲ್ಕು ಕಡೆಯಿಂದ ತೆಗೆ. ಸಣ್ಣ ನೀರು ಗುಳ್ಳೆಗಳಿದ್ದರೆ ಅವುಗಳ ಮೇಲಿನ ತೆಳು ಸಿಪ್ಪೆ ತೆಗೆದುಕೋ, ಒಳಗಿನ ನೀರು ಬೇಡ. ತಲೆಯಲ್ಲಿದ್ದರೆ ಕೂದಲನ್ನು ಚಿಮಟದಿಂದ ಬುಡಸಮೇತ ಕೀಳಬೇಕು, ಕತ್ತರಿಸಿದರೆ ಬೇಕಾದ ಭಾಗ ತಲೆಯಲ್ಲೇ ಉಳಿಯುತ್ತದೆ.

ಹೊಟ್ಟನ್ನು ಕಪ್ಪು ಕಾಗದದ ಮೇಲೆ ಬೀಳಿಸಿಕೋ. ಬಿಳಿ ಹೊಟ್ಟು ಬಿಳಿ ಕಾಗದದ ಮೇಲೆ ಕಾಣುವುದಿಲ್ಲ, ಎಷ್ಟು ಬಿತ್ತು ಎಂಬ ಅಂದಾಜೂ ಸಿಗುವುದಿಲ್ಲ. ಕಪ್ಪಿನ ಮೇಲೆ ಅಕ್ಕಿ ನುಚ್ಚು ಚೆಲ್ಲಿದಷ್ಟು ಸ್ಪಷ್ಟ. ನಮ್ಮ ಕಾಲದಲ್ಲಿ ಎಕ್ಸ್‌ರೇ ಫಿಲ್ಮಿನ ಪೊಟ್ಟಣದ ಒಳಗಿನ ಕಪ್ಪು ಕಾಗದವನ್ನು ಎಕ್ಸ್‌ರೇ ರೂಮಿನಿಂದ ಕೇಳಿ ತಂದು ಚೌಕ ಚೌಕ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದೆವು. ಹೊಟ್ಟು ಬಿದ್ದ ಕಾಗದವನ್ನು ಮಾತ್ರೆಯ ಪೊಟ್ಟಣದಂತೆ ಮಡಚಿ ಹೆಸರು, ನಂಬರು, ದಿನಾಂಕ ಬರೆದು ಒಣಗಿಯೇ ಇಡಬೇಕು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಮುಚ್ಚಿದರೆ ತೇವ ಕೂತು ಬ್ಯಾಕ್ಟೀರಿಯಾ ಬೆಳೆಯುತ್ತದೆ. ಒಣ ಹೊಟ್ಟಿನಲ್ಲಿ ಫಂಗಸ್ ದಿನಗಟ್ಟಲೆ ಬದುಕಿರುತ್ತದೆ, ಆದ್ದರಿಂದ ಗಾಬರಿ ಬೇಡ. ಇದನ್ನು ಫ್ರಿಡ್ಜಿನಲ್ಲೂ ಇಡಬೇಡ.

ಇನ್ನು ಕೆಒಎಚ್. ಚರ್ಮಕ್ಕೆ 10 ಪರ್ಸೆಂಟ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಉಗುರಿಗೆ 20ರಿಂದ 40. ಕ್ಷಾರವು ಚರ್ಮದ ಕೋಶಗಳನ್ನು ಕರಗಿಸಿ ತಿಳಿಯಾಗಿಸುತ್ತದೆ, ಫಂಗಸ್ಸಿನ ಗೋಡೆ ಗಟ್ಟಿಯಾದ್ದರಿಂದ ಅದು ಕರಗದೆ ಉಳಿಯುತ್ತದೆ. ಚರ್ಮದ ಹೊಟ್ಟು ಹತ್ತಿಪ್ಪತ್ತು ನಿಮಿಷದಲ್ಲಿ ತಿಳಿಯಾಗುತ್ತದೆ, ಉಗುರಿನ ಚೂರನ್ನು ಟ್ಯೂಬಿನಲ್ಲಿ ರಾತ್ರಿಯಿಡೀ ನೆನೆಸು. ಅವಸರವಿದ್ದರೆ ದೀಪದ ಮೇಲೆ ಒಂದೆರಡು ಸಲ ಹಾಯಿಸಬಹುದು, ಕುದಿಸಬಾರದು. ಕುದಿಸಿದರೆ ಹರಳು ಕಟ್ಟಿ ಏನೂ ಕಾಣುವುದಿಲ್ಲ. ಸಾಲಿನಲ್ಲಿ ಜನ ಜಾಸ್ತಿಯಿದ್ದರೆ ಸ್ಲೈಡುಗಳನ್ನು ಒದ್ದೆ ಫಿಲ್ಟರ್ ಪೇಪರ್ ಹಾಸಿದ ಪೆಟ್ರಿ ಡಿಶ್ಶಿನಲ್ಲಿ ಮುಚ್ಚಿಡು. ಕೆಒಎಚ್ ಲೆನ್ಸಿಗೆ ತಾಗಿದರೆ ಲೆನ್ಸು ಹಾಳು, ಕಣ್ಣಿಗೆ ಹಾರಿದರೆ ಕಣ್ಣಿಗೆ ಅಪಾಯ. ಕೈಗೆ ತಾಗಿದರೆ ಸೋಪಿನಂತೆ ಜಾರುತ್ತದೆ, ತಕ್ಷಣ ನೀರಿನಲ್ಲಿ ತೊಳೆ.

ನೋಡುವಾಗ ಕಂಡೆನ್ಸರ್ ಕೆಳಗಿಳಿಸಿ ಬೆಳಕು ಕಡಿಮೆ ಮಾಡು. ಹೊಸಬರೆಲ್ಲ ಬೆಳಕು ಜಾಸ್ತಿ ಬಿಟ್ಟುಕೊಂಡು ಏನೂ ಕಾಣಲಿಲ್ಲ ಅನ್ನುತ್ತಾರೆ. ಬಣ್ಣವಿಲ್ಲದ ಎಳೆ ಬೆಳಕಿನಲ್ಲಿ ಕರಗಿಹೋಗುತ್ತದೆ. ಮೊದಲು 10ರ ಲೆನ್ಸಿನಲ್ಲಿ ಇಡೀ ಕವರ್ ಸ್ಲಿಪ್ಪನ್ನು ಉತ್ತ ಸಾಲಿನಂತೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನೋಡು. ಅನುಮಾನ ಬಂದ ಕಡೆ 40ಕ್ಕೆ ಹೋಗು. ಹುಳುಕಡ್ಡಿಯ ಎಳೆ ಉದ್ದಕ್ಕೂ ಒಂದೇ ದಪ್ಪ, ಅಡ್ಡಗೋಡೆಗಳಿರುತ್ತವೆ, ಕವಲೊಡೆಯುತ್ತದೆ, ಕೆಲವು ಕಡೆ ತುಂಡು ತುಂಡಾಗಿ ಮಣಿಸರದಂತಾಗುತ್ತದೆ. ಮುಖ್ಯವಾಗಿ ಅದು ಚರ್ಮದ ಕೋಶಗಳ ಗಡಿಗಳನ್ನು ದಾಟಿಕೊಂಡು ಹೋಗುತ್ತದೆ. ಕೋಶದ ಗಡಿಯನ್ನೇ ಅನುಸರಿಸಿ ಅಂಕುಡೊಂಕಾಗಿ ಹೋಗುತ್ತಿದ್ದರೆ ಅದು ಕೊಬ್ಬಿನ ಗೆರೆ, ಫಂಗಸ್ ಅಲ್ಲ. ಹತ್ತಿಯ ನೂಲು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು, ಅಡ್ಡಗೋಡೆ ಇಲ್ಲ. ಚಿಬ್ಬಿನಲ್ಲಿ ನೋಟವೇ ಬೇರೆ, ಗುಂಡುಗುಂಡು ಕಣಗಳ ಗೊಂಚಲು, ಅದರ ನಡುವೆ ಮುರಿದ ಶಾವಿಗೆಯಂಥ ಗಿಡ್ಡ ಎಳೆಗಳು. ಒಂದು ಸಲ ನೋಡಿದರೆ ಜನ್ಮದಲ್ಲಿ ಮರೆಯುವುದಿಲ್ಲ.

ಉಂಗುರ ಕಂಡದ್ದೆಲ್ಲ ಹುಳುಕಡ್ಡಿಯಲ್ಲ ಎಂಬುದೂ ಗೊತ್ತಿರಲಿ. ತುರಿಕೆಯೇ ಇಲ್ಲದ ಉಂಗುರ, ಅದರ ಮೇಲೆ ಹತ್ತಿ ಸವರಿದರೂ ಗೊತ್ತಾಗುತ್ತಿಲ್ಲ ಎಂದು ರೋಗಿ ಹೇಳಿದರೆ ಸ್ಲೈಡು ಮಾಡಿ ಸುಮ್ಮನಾಗಬೇಡ, ಎದ್ದು ಹೋಗಿ ಡಾಕ್ಟರಿಗೆ ಹೇಳು. ಕುಷ್ಠವೂ ಹಾಗೆ ಕಾಣಿಸಿಕೊಳ್ಳುತ್ತದೆ. ಬೇಗ ಗೊತ್ತಾದರೆ ಪೂರ್ತಿ ಗುಣವಾಗುವ ಕಾಯಿಲೆ ಅದು.

ರಿಪೋರ್ಟಿನಲ್ಲಿ ‘ಇಲ್ಲ’ ಎಂದು ಬರೆಯಬೇಡ, ‘ಈ ಮಾದರಿಯಲ್ಲಿ ಕಂಡುಬಂದಿಲ್ಲ’ ಎಂದು ಬರೆ. ನೀನು ನೋಡಿದ್ದು ಆ ಮನುಷ್ಯನ ಮೈಯನ್ನಲ್ಲ, ಮೈಯಿಂದ ಉದುರಿದ ನುಚ್ಚನ್ನು. ಹೊಟ್ಟು ಕಡಿಮೆ ಸಿಕ್ಕಿದ್ದರೆ ‘ಮಾದರಿ ಸಾಲದು, ಮತ್ತೆ ಕಳಿಸಿ’ ಎಂದು ಬರೆಯಲು ಸಂಕೋಚಪಡಬೇಡ. ಲ್ಯಾಬಿನ ಯಜಮಾನರಿಗೆ ಅದು ಹಿಡಿಸದೆ ಇರಬಹುದು, ರೋಗಿಗೆ ಇನ್ನೊಂದು ದಿನದ ಕೂಲಿ ಹೋಗಬಹುದು. ಆದರೂ ಬರೆ. ನನ್ನ ಒಂದು ಪದದಿಂದ ಆ ಮನೆಯ ನಾಲ್ಕು ಜನ ಎರಡೂವರೆ ತಿಂಗಳು ನಿದ್ದೆಗೆಟ್ಟು ತುರಿಸಿಕೊಂಡಿದ್ದರು.

ಈಗ ನಿನಗೆ ನನ್ನ ಕಾಲಕ್ಕಿಂತ ಕಷ್ಟ ಜಾಸ್ತಿ. ನಾನು ಕೆಲಸಕ್ಕೆ ಸೇರಿದಾಗ ಹುಳುಕಡ್ಡಿ ಎಂದರೆ ಒಂದೆರಡು ಉಂಗುರ, ಮೂರು ನಾಲ್ಕು ವಾರ ಔಷಧಿ ಹಚ್ಚಿದರೆ ಮುಗಿಯುತ್ತಿತ್ತು. ಈಗ ಸೊಂಟದಿಂದ ಮೊಣಕಾಲಿನವರೆಗೆ, ಮುಖದ ಮೇಲೆ, ಮನೆಮಂದಿಗೆಲ್ಲ, ವರ್ಷಗಟ್ಟಲೆ. ಇದಕ್ಕೆ ಒಂದು ದೊಡ್ಡ ಕಾರಣ ಮೆಡಿಕಲ್ ಶಾಪಿನಲ್ಲಿ ಕೇಳಿದ ತಕ್ಷಣ ಕೈಗೆ ಸಿಗುವ ಸ್ಟೀರಾಯ್ಡ್ ಬೆರೆತ ಮುಲಾಮುಗಳು. ಕ್ಲೊಬೆಟಸಾಲ್, ಬೆಟಾಮೆಥಸೋನ್‌ನಂಥ ಸ್ಟೀರಾಯ್ಡಿಗೆ ಒಂದು ಫಂಗಸ್ ಔಷಧಿ, ಒಂದು ಆಂಟಿಬಯೋಟಿಕ್ ಸೇರಿಸಿದ ಟ್ಯೂಬುಗಳು. ಹಚ್ಚಿದ ಎರಡೇ ದಿನಕ್ಕೆ ಕೆಂಪು ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ, ಜನ ನಂಬಿಬಿಡುತ್ತಾರೆ. ನಿಂತದ್ದು ಮೈಯ ಪ್ರತಿರೋಧ. ಕಾವಲು ಮಲಗಿದ ತೋಟದಲ್ಲಿ ಕಳ್ಳ ಓಡಾಡುವಂತೆ ಫಂಗಸ್ ಒಳಗೊಳಗೇ ಬೆಳೆಯುತ್ತದೆ. ಮುಲಾಮು ಬಿಟ್ಟ ವಾರಕ್ಕೆ ದುಪ್ಪಟ್ಟಾಗಿ ಎದ್ದು ಉಂಗುರದೊಳಗೆ ಉಂಗುರ ಕಟ್ಟುತ್ತದೆ. ಕೆಲವರಲ್ಲಿ ಉಂಗುರವೇ ಇರುವುದಿಲ್ಲ, ವೇಷ ಮರೆಸಿಕೊಂಡಿರುತ್ತದೆ. ಚರ್ಮ ಸಿಗರೇಟಿನ ಹಾಳೆಯಂತೆ ತೆಳುವಾಗಿ, ತೊಡೆಸಂದಿಯಲ್ಲಿ ಬಸುರಿಯ ಹೊಟ್ಟೆಯ ಮೇಲಿನಂಥ ಗೆರೆಗಳು ಬಿದ್ದಿರುತ್ತವೆ, ಆ ಗೆರೆ ಮತ್ತೆ ಹೋಗುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಹಾಗಿದ್ದೂ ನಿನ್ನ ಮುಂದೆ ಕೂರುವ ಹತ್ತು ಜನರಲ್ಲಿ ಎಷ್ಟು ಜನರ ಜೇಬಿನಲ್ಲಿ ಅರ್ಧ ಹಿಂಡಿದ ಟ್ಯೂಬ್ ಇರುತ್ತದೆ ಎಂಬುದನ್ನು ನೀನೇ ನೋಡುತ್ತೀಯ. ಟ್ಯೂಬನ್ನು ಈಸಿಕೊಂಡು ಅದರ ಮೇಲಿನ ಔಷಧಿಯ ಹೆಸರನ್ನು ಚೀಟಿಯಲ್ಲಿ ಬರೆದು ಕಳಿಸು. ಬೈಯಬೇಡ. ಕೆರೆತದಿಂದ ರಾತ್ರಿ ನಿದ್ದೆಯಿಲ್ಲದವರು ಕೈಗೆ ಸಿಕ್ಕಿದ್ದನ್ನು ಹಚ್ಚಿಕೊಳ್ಳುತ್ತಾರೆ.

ಇನ್ನೊಂದು ಕಾರಣ ಫಂಗಸ್ಸೇ ಬದಲಾಗಿರುವುದು. ಮೊದಲು ಹೆಚ್ಚಾಗಿ ಟ್ರೈಕೊಫೈಟಾನ್ ರೂಬ್ರಮ್ ಬರುತ್ತಿತ್ತು. ಈಗ ನಮ್ಮ ದೇಶದಲ್ಲೆಲ್ಲ ಹರಡಿರುವ ಜಾತಿಗೆ 2020ರಲ್ಲಿ ಜಪಾನಿನ ಸಂಶೋಧಕರು ಟ್ರೈಕೊಫೈಟಾನ್ ಇಂಡೋಟಿನಿಯೆ ಎಂದು ಹೆಸರಿಟ್ಟರು. ಹೆಸರಲ್ಲೇ ಇಂಡಿಯಾ ಕೂತುಬಿಟ್ಟಿದೆ, ನನಗೆ ಅದು ನೋವಿನ ಸಂಗತಿ. ಟರ್ಬಿನಾಫಿನ್ ಮಾತ್ರೆಗೆ ಬಗ್ಗದ ತಳಿಗಳು ಅದರಲ್ಲಿ ಬಹಳ. 2023ರಲ್ಲಿ ನ್ಯೂಯಾರ್ಕಿನಲ್ಲೂ ಅದು ಕಂಡಿತೆಂದು ಅಮೆರಿಕದಲ್ಲಿ ವರದಿಯಾಯಿತು. ಅಚ್ಚುಕಟ್ಟಾಗಿ ಕಲ್ಚರ್ ಮಾಡಿದರೂ ನಿನ್ನ ಕಣ್ಣಿಗೆ ಅದು ಟ್ರೈಕೊಫೈಟಾನ್ ಮೆಂಟಾಗ್ರೊಫೈಟಿಸ್‌ನಂತೆಯೇ ಕಾಣುತ್ತದೆ, ಬೇರೆ ಎಂದು ಹೇಳಲು ಡಿಎನ್‌ಎ ಓದಬೇಕು. ಆದ್ದರಿಂದ ರಿಪೋರ್ಟಿನಲ್ಲಿ ‘ಮೆಂಟಾಗ್ರೊಫೈಟಿಸ್ ಗುಂಪು’ ಎಂದು ನಿಲ್ಲಿಸು. ಕಾಣದ್ದನ್ನು ಕಂಡಂತೆ ಬರೆಯುವುದು ಕಂಡದ್ದನ್ನು ಬಿಡುವಷ್ಟೇ ತಪ್ಪು.

ಕಲ್ಚರ್ ವಿಷಯದಲ್ಲಿ ತಾಳ್ಮೆ ಬೇಕು. ಪ್ಯಾರಿಸ್ಸಿನಲ್ಲಿ ರೇಮಂಡ್ ಸಬೂರೊ ಎಂಬ ಡಾಕ್ಟರಿದ್ದರು, ತಲೆಯ ಹುಳುಕಡ್ಡಿಯ ಮಕ್ಕಳನ್ನು ನೋಡುತ್ತಲೇ ಆಯುಷ್ಯ ಕಳೆದವರು. 1910ರಲ್ಲಿ ಅದರ ಬಗ್ಗೆ ದೊಡ್ಡ ಗ್ರಂಥ ಬರೆದರು. ನೀನು ದಿನಾ ಕೈಯಲ್ಲಿ ಹಿಡಿಯುವ ಸಬೂರೊ ಅಗರ್ ಅವರ ಹೆಸರಿನದೇ. ಅದಕ್ಕೆ ಈಗ ಬ್ಯಾಕ್ಟೀರಿಯಾ ತಡೆಯಲು ಕ್ಲೋರಾಂಫೆನಿಕಾಲ್, ಗಾಳಿಯ ಬೂಷ್ಟು ತಡೆಯಲು ಸೈಕ್ಲೋಹೆಕ್ಸಿಮೈಡ್ ಸೇರಿಸುತ್ತಾರೆ. ಎರಡು ಟ್ಯೂಬಿಗೆ ಹಾಕು, ಸೈಕ್ಲೋಹೆಕ್ಸಿಮೈಡ್ ಇರುವ ಒಂದು, ಇಲ್ಲದ ಒಂದು. ಹೊಟ್ಟನ್ನು ಅಗರಿನ ಮೇಲೆ ಉದುರಿಸದೆ ಸೂಜಿಯಿಂದ ಸ್ವಲ್ಪ ಒಳಗೆ ಚುಚ್ಚಿ ಕೂರಿಸು. ಮುಚ್ಚಳ ಬಿಗಿ ಮಾಡಬೇಡ, ಅದಕ್ಕೆ ಉಸಿರು ಬೇಕು. 25ರಿಂದ 30 ಡಿಗ್ರಿಯಲ್ಲಿ ನಾಲ್ಕು ವಾರ ಇಡಬೇಕು, ವಾರಕ್ಕೆರಡು ಸಲ ನೋಡಬೇಕು. ಹತ್ತನೇ ದಿನಕ್ಕೆ ಏನೂ ಬಂದಿಲ್ಲ ಎಂದು ಎಸೆದವರನ್ನು ನೋಡಿದ್ದೇನೆ. ಹದಿನೆಂಟನೇ ದಿನ ಬೆಳ್ಳಗೆ ಹತ್ತಿಯಂತೆ ಮೇಲೆದ್ದು, ಟ್ಯೂಬನ್ನು ತಿರುಗಿಸಿ ನೋಡಿದರೆ ಹಿಂಬದಿ ದ್ರಾಕ್ಷಾರಸದ ಕೆಂಪು ಬಿಟ್ಟುಕೊಂಡ ರೂಬ್ರಮ್ಮನ್ನು ನೋಡಿದ ದಿನ ನಾನು ಮನೆಗೆ ಬಂದು ನಿಮ್ಮಜ್ಜಿಗೆ ಹೇಳಿದ್ದೆ. ಅಜ್ಜಿಗೆ ಏನೂ ಅರ್ಥವಾಗಲಿಲ್ಲ, ನನ್ನ ಖುಷಿ ನೋಡಿ ಪಾಯಸ ಮಾಡಿದರು.

ಮಳೆಗಾಲದಲ್ಲಿ ನಮ್ಮೂರಿನ ಗಾಳಿಯ ತುಂಬ ಬೂಷ್ಟಿನ ಬೀಜಕಣ. ಪುಸ್ತಕದ ರಟ್ಟು, ಚಪ್ಪಲಿ, ಗೋಡೆ ಎಲ್ಲದರ ಮೇಲೂ ಹಸಿರು. ನಿನ್ನ ಟ್ಯೂಬಿನಲ್ಲೂ ಎರಡೇ ದಿನಕ್ಕೆ ಹಸಿರು ಕಪ್ಪು ಎದ್ದುಬರುತ್ತದೆ. ಅದು ರೋಗಿಯದಲ್ಲ, ಕಿಟಕಿಯದು. ಅದನ್ನು ರೋಗ ಎಂದು ಬರೆಯುವ ಮುಂಚೆ ಎರಡೂ ಟ್ಯೂಬಿನಲ್ಲಿ ಬಂದಿದೆಯೇ, ಕೆಒಎಚ್‌ನಲ್ಲಿ ಕಂಡದ್ದಕ್ಕೆ ಹೊಂದುತ್ತದೆಯೇ ನೋಡು.

ಭದ್ರಾವತಿ ಸುತ್ತಮುತ್ತ ಅಡಿಕೆ ಸುಲಿಯುವ ಕಾಲ ಬಂದಾಗ ಇನ್ನೊಂದು ತರಹದ ಸ್ಯಾಂಪಲ್ ಬರುತ್ತದೆ. ಮೆಟ್ಟುಗತ್ತಿಯ ಮುಂದೆ ರಾತ್ರಿ ಹನ್ನೊಂದರವರೆಗೂ ಕೂರುವ ಹೆಂಗಸರ ಬೆರಳು, ಉಗುರು. ಅಂಥವರೊಬ್ಬರ ಕೈ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಹಸಿ ಅಡಿಕೆಯ ಚೊಗರು ಕೂತು ಹತ್ತೂ ಬೆರಳು ಕರ್ರಗೆ, ಹೆಬ್ಬೆರಳ ಉಗುರು ಕಂದು. ಚೀಟಿಯಲ್ಲಿ ಉಗುರಿನ ಫಂಗಸ್ ಎಂದು ಬರೆದಿತ್ತು. ಆಲ್ಕೋಹಾಲಿನಲ್ಲಿ ಒರೆಸಿ ಉಗುರಿನ ಮೇಲ್ಮೈ ಸ್ವಲ್ಪ ಹೆರೆದು ನೋಡಿದರೆ ಬಣ್ಣ ಮೇಲೇ ಇತ್ತು, ಕೆಳಗೆ ಉಗುರು ನುಣ್ಣಗೆ ಗಟ್ಟಿಯಾಗಿತ್ತು, ಚೊಗರು ಅಷ್ಟೇ. ಆದರೆ ಅದೇ ಕೈಯ ತೋರುಬೆರಳಲ್ಲಿ ಉಗುರ ಬುಡದ ಮಡಿಕೆ ಊದಿ ಕೆಂಪಾಗಿತ್ತು, ಒತ್ತಿದರೆ ನೋವು. ಉಗುರುಸುತ್ತು. ಅಲ್ಲಿಂದ ತೆಗೆದದ್ದರಲ್ಲಿ ಮೊಗ್ಗೊಡೆಯುವ ಕ್ಯಾಂಡಿಡಾ ಕಣಗಳು ಕಂಡವು. ಚೀಟಿಯಲ್ಲಿ ಹೇಳಿದ ಬೆರಳನ್ನಷ್ಟೇ ನೋಡಿ ಕಳಿಸಿದ್ದರೆ ಆಕೆ ಹಾಗೆಯೇ ಮೆಟ್ಟುಗತ್ತಿಗೆ ವಾಪಸ್ಸಾಗುತ್ತಿದ್ದರು. ಉಗುರಿನ ಸ್ಯಾಂಪಲ್ ತೆಗೆಯುವಾಗ ತುದಿಯ ಪುಡಿ ಸಾಲದು, ಉಗುರಿನ ಕೆಳಗೆ, ಒಳ್ಳೆಯ ಉಗುರು ಕೆಟ್ಟ ಉಗುರು ಸೇರುವ ಗಡಿಯವರೆಗೆ ಹೋಗಬೇಕು. ಕೆಟ್ಟು ಕಾಣುವ ಉಗುರುಗಳಲ್ಲಿ ಎಷ್ಟೋ ಫಂಗಸ್ಸಿನವಲ್ಲ, ಸೋರಿಯಾಸಿಸ್‌ನಿಂದಲೂ ಏಟಿನಿಂದಲೂ ಹಾಗಾಗುತ್ತದೆ. ಅದಕ್ಕೆ ತಿಂಗಳುಗಟ್ಟಲೆ ಮಾತ್ರೆ ನುಂಗಿಸುವ ಮುಂಚೆ ನಿನ್ನ ರಿಪೋರ್ಟು ಬೇಕು.

ಅಡಿಕೆ ಅಂದಾಗ ಕೋಲ್ಮನ್ ನೆನಪಾಗುತ್ತಾರೆ. ಲೆಸ್ಲಿ ಕೋಲ್ಮನ್, ಕೆನಡಾದವರು, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದವರು. ನಮ್ಮ ಮಲೆನಾಡಿನ ತೋಟಗಳಲ್ಲಿ ಆಷಾಢದ ಮಳೆಗೆ ಅಡಿಕೆಕಾಯಿ ಕೊಳೆತು ಉದುರುತ್ತಿತ್ತು, ಜನ ಗೊನೆಗೆ ಕೊಟ್ಟೆ ಕಟ್ಟಿ ಎಷ್ಟು ಉಳಿಯುತ್ತದೋ ಉಳಿಯಲಿ ಎನ್ನುತ್ತಿದ್ದರು. ಕೋಲ್ಮನ್ ಆ ಕೊಳೆತ ಕಾಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ಅದರೊಳಗಿನ ಎಳೆಯನ್ನು ಕಂಡು, ಅದು ಫೈಟಾಫ್ತೊರ ಎಂದು ಗುರುತಿಸಿ, 1910ರಲ್ಲಿ ವರದಿ ಬರೆದರು. ಇಂಗ್ಲಿಷಿನ ಆ ವರದಿಯ ಹೆಸರಿನಲ್ಲೇ ‘ಕೊಳೆರೋಗ’ ಎಂಬ ನಮ್ಮ ಮಾತಿದೆ. ಗುರುತು ಸಿಕ್ಕಮೇಲೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸಿ ತೋರಿಸಿದರು. ಇವತ್ತಿಗೂ ಮಳೆಗೆ ಮುಂಚೆ ಮರ ಹತ್ತಿ ಹೊಡೆಯುತ್ತಿರುವುದು ಅದನ್ನೇ. ನಿಮ್ಮ ತಾತ ಔಷಧಿ ಹೊಡೆಸುವ ದಿನ ಮನೆಯಂಗಳ ನೀಲಿಯಾಗುತ್ತಿದ್ದದ್ದು ನಿನಗೂ ನೆನಪಿರಬೇಕು. ಆಮೇಲಿನ ವಿಜ್ಞಾನ ಫೈಟಾಫ್ತೊರವನ್ನು ಶಿಲೀಂಧ್ರದ ಪಂಕ್ತಿಯಿಂದ ಎಬ್ಬಿಸಿ ಪಾಚಿಯ ನೆಂಟರ ಸಾಲಿನಲ್ಲಿ ಕೂರಿಸಿತು, ಅದು ಬೇರೆ ಮಾತು. ಕೋಲ್ಮನ್ನರಿಗೂ ಮುಂಚೆ, 1835ರಲ್ಲಿ, ಇಟಲಿಯ ಅಗೊಸ್ತಿನೊ ಬಾಸ್ಸಿ ರೇಷ್ಮೆ ಹುಳದ ಸುಣ್ಣಕಟ್ಟು ರೋಗ ಒಂದು ಶಿಲೀಂಧ್ರದಿಂದ ಬರುತ್ತದೆ, ಹುಳದಿಂದ ಹುಳಕ್ಕೆ ಅಂಟುತ್ತದೆ ಎಂದು ತೋರಿಸಿದ್ದರು. ಸೂಕ್ಷ್ಮಜೀವಿಯಿಂದ ರೋಗ ಬರುತ್ತದೆ ಎಂಬ ಮಾತನ್ನು ಪಾಶ್ಚರ್, ಕೋಕ್ ಹೇಳುವುದಕ್ಕೆ ಎಷ್ಟೋ ಮೊದಲು. ಹುಳದ ಮೈ, ಅಡಿಕೆಯ ಕಾಯಿ, ಮನುಷ್ಯನ ಚರ್ಮ, ಮೂರಕ್ಕೂ ದಾರಿ ಒಂದೇ. ಮೊದಲು ನೋಡಬೇಕು, ಆಮೇಲೆ ಔಷಧಿ.

ನೀನು ಇನ್ನೊಂದು ಕೇಳಿದ್ದೆ. ಕ್ಷಯಕ್ಕೆ ಕೈಗೆ ಸೂಜಿ ಚುಚ್ಚಿ ಗಂಟು ಅಳೆಯುತ್ತಾರಲ್ಲ, ಹಾಗೆ ಫಂಗಸ್ಸಿಗೂ ಇಲ್ಲವೇ ಎಂದು. ಇತ್ತು. ಟ್ರೈಕೊಫೈಟಿನ್, ಕ್ಯಾಂಡಿಡಿನ್, ಹಿಸ್ಟೊಪ್ಲಾಸ್ಮಿನ್ ಎಂದು ಆಯಾ ಫಂಗಸ್ಸಿನ ಸಾರ ತೆಗೆದು ಚರ್ಮದೊಳಗೆ ಚುಚ್ಚಿ, 48 ಗಂಟೆಯ ಮೇಲೆ ಗಟ್ಟಿಯಾದ ಗಂಟನ್ನು ಬೆರಳಿಂದ ಮುಟ್ಟಿ ಅಳೆಯುತ್ತಿದ್ದರು. ಕೆಂಪನ್ನು ಅಳೆಯಬಾರದು, ಗಂಟನ್ನು ಅಳೆಯಬೇಕು. ಆದರೆ ಆ ಗಂಟು ಹೇಳುವುದು, ಈ ಮೈ ಯಾವಾಗಲೋ ಆ ಫಂಗಸ್ಸನ್ನು ಕಂಡಿದೆ, ನೆನಪಿಟ್ಟುಕೊಂಡಿದೆ ಎಂದು. ಈ ಹೊತ್ತು ರೋಗ ಇದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಕ್ಯಾಂಡಿಡಾ ನಮ್ಮೆಲ್ಲರ ಬಾಯಲ್ಲಿ, ಕರುಳಲ್ಲಿ ಇರುವ ಜೀವಿ, ಆರೋಗ್ಯವಂತರಲ್ಲಿ ಬಹಳ ಜನಕ್ಕೆ ಗಂಟು ಬರುತ್ತದೆ. ಹಾಗಾಗಿ ಗಂಟು ಬಾರದಿದ್ದರೆ ಪ್ರತಿರೋಧ ಶಕ್ತಿ ಕುಂದಿದೆಯೇ ಎಂದು ಯೋಚಿಸಲು ಕ್ಯಾಂಡಿಡಿನ್ ಬಳಸುತ್ತಿದ್ದರು. ಆ ನೆನಪಿನ ಪರೀಕ್ಷೆ ಒಂದು ದೊಡ್ಡ ಒಗಟನ್ನೂ ಬಿಡಿಸಿದೆ. 1940ರ ದಶಕದಲ್ಲಿ ಅಮೆರಿಕದಲ್ಲಿ ಎಷ್ಟೋ ಜನರ ಎದೆಯ ಎಕ್ಸ್‌ರೇಯಲ್ಲಿ ಕ್ಷಯದಂಥ ಸುಣ್ಣದ ಚುಕ್ಕೆಗಳು ಕಾಣುತ್ತಿದ್ದವು, ಕ್ಷಯದ ಚುಚ್ಚು ಪರೀಕ್ಷೆ ಮಾತ್ರ ನೆಗೆಟಿವ್. ಹಿಸ್ಟೊಪ್ಲಾಸ್ಮಿನ್ ಚುಚ್ಚಿ ನೋಡಿದರೆ ಅವರಲ್ಲಿ ಬಹುಪಾಲು ಜನಕ್ಕೆ ಗಂಟೆದ್ದಿತು. ಅವರಿಗೆ ಬಂದು ಹೋದದ್ದು ಫಂಗಸ್, ಕ್ಷಯವಲ್ಲ.

ಈಗ ನಿನ್ನ ಕಣ್ಣಿಗೆ ಬೀಳಬಹುದಾದ ಚರ್ಮದ ಪರೀಕ್ಷೆ ಆಸ್ತಮಾದವರಿಗೆ ಮಾಡುವುದು. ಬೂಷ್ಟು ಹಿಡಿದ ಹುಲ್ಲಿನ ಬಣವೆ, ಒದ್ದೆ ಗೋದಾಮು, ಇಲ್ಲೆಲ್ಲ ಆಸ್ಪರ್ಜಿಲ್ಲಸ್ ಇರುತ್ತದೆ. ಕೆಲವರ ಶ್ವಾಸಕೋಶ ಅದಕ್ಕೆ ಅಲರ್ಜಿಯಾಗಿ ಆಸ್ತಮಾ ಹತೋಟಿಗೇ ಬರುವುದಿಲ್ಲ. ಮುಂಗೈ ಮೇಲೆ ಅದರ ಸಾರದ ಹನಿ ಇಟ್ಟು ಮೊನೆಯಿಂದ ಮೆಲ್ಲನೆ ಚುಚ್ಚಿ, 15ರಿಂದ 20 ನಿಮಿಷಕ್ಕೆ ನೋಡುತ್ತಾರೆ. ಪಕ್ಕದಲ್ಲಿ ಹಿಸ್ಟಮಿನ್ ಒಂದು, ಬರಿಯ ಸಲೈನ್ ಒಂದು ಇರಲೇಬೇಕು. ಸಲೈನಿನದಕ್ಕಿಂತ 3 ಮಿಲಿಮೀಟರ್ ದೊಡ್ಡ ಉಬ್ಬು ಬಂದರೆ ಪಾಸಿಟಿವ್. ಶೀತದ ಮಾತ್ರೆ ನುಂಗಿ ಬಂದವರಲ್ಲಿ ಹಿಸ್ಟಮಿನ್ ಚುಚ್ಚಿದ ಕಡೆಯೂ ಉಬ್ಬುವುದಿಲ್ಲ, ಆಗ ಆ ಪರೀಕ್ಷೆಯನ್ನು ಲೆಕ್ಕಕ್ಕೆ ಹಿಡಿಯಬಾರದು. ಡಾಕ್ಟರು ಹತ್ತಿರವಿಲ್ಲದಿದ್ದರೆ ಇದಕ್ಕೆ ಕೈ ಹಾಕಬೇಡ, ಅಪರೂಪಕ್ಕೆ ಉಸಿರುಕಟ್ಟುವವರಿದ್ದಾರೆ. ಹುಳುಕಡ್ಡಿಗೆ ಇದು ಯಾವುದೂ ಬೇಡ. ಅಲ್ಲಿ ಸ್ಕಾಲ್ಪೆಲ್ಲು, ಕಪ್ಪು ಕಾಗದ, ಕೆಒಎಚ್.

ಅದೇ ಕೆಒಎಚ್ ಒಮ್ಮೊಮ್ಮೆ ಜೀವ ಉಳಿಸುವ ಪರೀಕ್ಷೆಯೂ ಆಗುತ್ತದೆ. 2021ರ ಮೇ ತಿಂಗಳು ನೀನು ಓದುತ್ತಿದ್ದೆ, ನೆನಪಿದೆಯಲ್ಲ. ಕೊರೋನಾ ಬಂದುಹೋದವರ, ಅದರಲ್ಲೂ ಸಕ್ಕರೆ ಕಾಯಿಲೆಯವರ ಮೂಗು, ಕಣ್ಣಿಗೆ ಮ್ಯೂಕರ್ ಹಿಡಿಯಿತು. ಕಪ್ಪು ಶಿಲೀಂಧ್ರ ಎಂದು ಪೇಪರಿನಲ್ಲಿ ಬಂತು. ಶಿಲೀಂಧ್ರ ಕಪ್ಪಲ್ಲ, ಅದು ರಕ್ತನಾಳ ಮುಚ್ಚಿ ಸಾಯಿಸಿದ ಮಾಂಸ ಕಪ್ಪು. ಅಲ್ಲಿ ಕಲ್ಚರಿಗೆ ಕಾಯುವಂತಿಲ್ಲ, ಮೂಗಿನೊಳಗಿನ ಚೂರು ಬಂದ ಗಂಟೆಯೊಳಗೆ ಸ್ಲೈಡ್ ನೋಡಿ ಡಾಕ್ಟರಿಗೆ ಫೋನ್ ಮಾಡಬೇಕು. ಹುಳುಕಡ್ಡಿಯ ಎಳೆ ಹೊಲಿಗೆ ದಾರವಾದರೆ ಇದು ಅಗಲವಾದ ರಿಬ್ಬನ್ನು, ಅಡ್ಡಗೋಡೆ ಇಲ್ಲದಂತೆಯೇ ಕಾಣುತ್ತದೆ, ಎತ್ತೆತ್ತಲೋ ಕವಲೊಡೆಯುತ್ತದೆ. ಅಂಥ ಚೂರನ್ನು ಯಾವತ್ತೂ ಅರೆಯಬೇಡ, ಬ್ಲೇಡಿನಿಂದ ಸಣ್ಣಗೆ ಹೆಚ್ಚು. ಅರೆದರೆ ಆ ಎಳೆ ಒಡೆದು ಸತ್ತು ಕಲ್ಚರಿನಲ್ಲಿ ಬೆಳೆಯುವುದೇ ಇಲ್ಲ. ಅನುಮಾನ ಬಂದ ರೋಗಿಯನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳಿಸಲು ನಿಮ್ಮ ಡಾಕ್ಟರು ಒಂದು ಗಂಟೆಯೂ ತಡ ಮಾಡಬಾರದು, ಮತ್ತು ಅದಕ್ಕೆ ಅವರಿಗೆ ಬೇಕಾದದ್ದು ನಿನ್ನ ಫೋನು.

ಕಡೆಯದಾಗಿ ಜನರ ಸಂಗತಿ. ತೊಡೆಸಂದಿಯ, ಎದೆಯ ಕೆಳಗಿನ ಕಾಯಿಲೆ ತೋರಿಸಲು ಹೆಂಗಸರು ಬಹಳ ನಾಚುತ್ತಾರೆ. ಹಾಗಾಗಿ ಬಹಳ ಜನ ತೋರಿಸುವುದು ಕೈಯ ಮೇಲಿನ ಸಣ್ಣ ಉಂಗುರವನ್ನು, ದೊಡ್ಡದು ಸೀರೆಯ ಒಳಗಿರುತ್ತದೆ. ಬಾಗಿಲು ಹಾಕಿಕೊಂಡು, ಪರದೆ ಎಳೆದು, ‘ಅಕ್ಕಾ, ಬೇರೆ ಕಡೆಯೂ ಇದೆಯಾ? ನಮ್ಮಂಥ ಹೆಂಗಸರಿಗೆಲ್ಲ ಬರೋದೇ ಇದು’ ಎಂದು ಮೆಲ್ಲನೆ ಕೇಳು. ‘ಎಲ್ಲರೂ ಕೇಳುವ ಹಾಗೆ ಕೂಗಬೇಡಮ್ಮ’ ಎಂದು ಒಬ್ಬರು ನನ್ನ ಕೈ ಹಿಡಿದಿದ್ದರು, ಹೊರಗೆ ಅವರ ಭಾವನವರು ಕೂತಿದ್ದರು. ಮನೆಯಲ್ಲಿ ಇನ್ಯಾರಿಗಿದೆ ಎಂದೂ ಕೇಳು. ಒಂದೇ ಟವೆಲ್, ಒಂದೇ ಹಾಸಿಗೆ, ಒಲೆಯ ಮೇಲೂ ಪೂರ್ತಿ ಒಣಗದ ಒಳಬಟ್ಟೆ ಇರುವ ಮನೆಯಲ್ಲಿ ಒಬ್ಬರಿಗೆ ಮಾತ್ರ ಔಷಧಿ ಕೊಟ್ಟರೆ ಮತ್ತೆ ಬರುತ್ತದೆ. ಬಟ್ಟೆಗೆ ಬಿಸಿ ಇಸ್ತ್ರಿ ಹಾಕಿ ಎಂದು ಹೇಳುವುದು ನಿನ್ನ ಕೆಲಸವಲ್ಲ ಎಂದು ಯಾರಾದರೂ ಅಂದರೆ ಅಂದುಕೊಳ್ಳಲಿ.

ಎಕ್ಸ್‌ರೇ ಎಲ್ಲ ಕಂಪ್ಯೂಟರಿಗೆ ಹೋದಮೇಲೆ ಆ ಕಪ್ಪು ಕಾಗದ ಸಿಗುವುದು ನಿಂತಿದೆ. ಮೊನ್ನೆ ಗಾಂಧಿ ಬಜಾರಿಗೆ ಹೋದಾಗ ಮಕ್ಕಳ ಕ್ರಾಫ್ಟಿಗೆ ಮಾರುವ ಕಪ್ಪು ಹಾಳೆ ತಂದೆ, ನುಣುಪಿರುವುದನ್ನೇ ಆರಿಸಿಕೊಂಡು. ಒರಟಾದರೆ ಹೊಟ್ಟು ಅಂಟಿಕೊಂಡುಬಿಡುತ್ತದೆ. ನಾಲ್ಕಿಂಚು ಚೌಕಕ್ಕೆ ಕತ್ತರಿಸಿ ಇನ್ನೂರು ಕಟ್ಟಿಟ್ಟಿದ್ದೇನೆ, ಬಿಸ್ಕತ್ತಿನ ಡಬ್ಬಿಯಲ್ಲಿದೆ. ಸೋಮವಾರ ನೀನು ಸೇರುವುದಲ್ಲವೇ, ಭಾನುವಾರ ಸಂಜೆ ಬಂದು ತೆಗೆದುಕೊಂಡು ಹೋಗು. ಛತ್ರಿ ಮರೆಯಬೇಡ, ಕಾಗದ ನೆನೆಯಬಾರದು.

ನಿನ್ನ
ದೊಡ್ಡಮ್ಮ